ಪಾಂಟೂನ್ ದೋಣಿ: ಆರಿಸುವ ಬಗೆ, ಏರುವ ಬಗೆ

ರಜೆ ಬಂದಿತೆಂದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಒಂದು ದಿನ ಹೋಗಿ ಬರಬೇಕೆಂಬುದು ನಮ್ಮಂಥವರ ಆಸೆ. ಮುಂಬಯಿ, ಪುಣೆಯ ಬಾಂಧವರು ಮಹಾಬಳೇಶ್ವರಕ್ಕೆ ಹೋದರೆ ವೆಣ್ಣಾ ಸರೋವರವನ್ನು ನೋಡದೆ ಬರುವುದಿಲ್ಲ. ಹೈದರಾಬಾದಿನವರಿಗಂತೂ ಹುಸೇನ್ ಸಾಗರವು ಊರೊಳಗೇ ಇದೆ. ದಡಕ್ಕೆ ಹೋದ ಮೇಲೆ ದೋಣಿ ಹತ್ತಿಯೇ ತೀರಬೇಕೆಂದು ಮಕ್ಕಳು ಹಟ ಹಿಡಿಯುತ್ತವೆ. ನಾವು ಟಿಕೇಟಿನ ದರ ವಿಚಾರಿಸುತ್ತೇವೆ, ಸ್ವಲ್ಪ ಚೌಕಾಶಿ ಮಾಡುತ್ತೇವೆ, ಹತ್ತಿ ಕೂಡುತ್ತೇವೆ. ಪೇಟೆಯಲ್ಲಿ ಬದನೆಕಾಯಿಯನ್ನು ಹಿಂದುಮುಂದು ತಿರುಗಿಸಿ ನೋಡಿ ಕೊಳ್ಳುವ ನಾವು, ಮಕ್ಕಳನ್ನು ಕೂಡಿಸುವ ದೋಣಿಯನ್ನು ಮಾತ್ರ ತಿರುಗಿ ನೋಡುವುದಿಲ್ಲ.

ಈಚಿನ ವರ್ಷಗಳಲ್ಲಿ ನಮ್ಮ ದೇಶದ ವಿಹಾರಸ್ಥಳಗಳಲ್ಲಿಯೂ ಅಲ್ಲಲ್ಲಿ ಒಂದು ಹೊಸ ಬಗೆಯ ದೋಣಿ ಕಾಣಿಸಿಕೊಂಡಿದೆ. ಅದರ ನೆಲ ಮನೆಯ ಪಡಸಾಲೆಯಂತೆ ಸಪಾಟು; ಸುತ್ತಲೂ ಕಟಕಟೆ, ಮೇಲೆ ಬಟ್ಟೆಯ ಚಾವಣಿ, ಒಳಗೆ ಕುರ್ಚಿ ಬೆಂಚುಗಳು. ಇದಕ್ಕೆ ಪಾಂಟೂನ್ ದೋಣಿ ಎಂದು ಹೆಸರು. ಇದನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಾರದು. ಆದರೂ ಕೊಳ್ಳುವವನು ಏನೇನನ್ನು ಪರೀಕ್ಷಿಸುತ್ತಾನೆಂಬುದನ್ನು ತಿಳಿದುಕೊಂಡರೆ, ಬಾಡಿಗೆಗೆ ಹತ್ತುವವನಿಗೂ ಅದರಿಂದ ಪ್ರಯೋಜನವುಂಟು. ಆತನು ಹಣ ಹೆಚ್ಚು ಕೊಡುತ್ತಾನೆ, ನಾವು ಕಡಮೆ ಕೊಡುತ್ತೇವೆ. ಜೀವ ಇಬ್ಬರದೂ ಒಂದೇ.

ಈ ದೋಣಿಯ ತವರು ಅಮೆರಿಕದ ಮಿನ್ನೆಸೋಟ ರಾಜ್ಯ. ಅದನ್ನು ಹತ್ತು ಸಾವಿರ ಸರೋವರಗಳ ನಾಡೆಂದು ಕರೆಯುವ ರೂಢಿಯಿದೆ. ಅಲ್ಲಿಯ ರಿಚ್‌ಮಂಡ್ ಎಂಬ ಸಣ್ಣ ಊರಿನ ಆಂಬ್ರೋಸ್ ವೀರೆಸ್ ಎಂಬವರು 1950ರ ದಶಕದ ಆರಂಭದಲ್ಲಿ ಉಕ್ಕಿನ ಪೀಪಾಯಿಗಳನ್ನು ಒಂದರ ತುದಿಗೊಂದು ಬೆಸೆದು ಎರಡು ಸಾಲು ಮಾಡಿ, ಅವುಗಳ ಮೇಲೆ ಮರದ ಅಟ್ಟವನ್ನು ಕೂರಿಸಿ ಸರೋವರಕ್ಕೆ ಇಳಿಸಿದರು. ಸಾಮಾನ್ಯ ದೋಣಿಯಂತೆ ಅದು ಹೊಯ್ದಾಡಲಿಲ್ಲ. ಮುದುಕರು ಮಕ್ಕಳೆಲ್ಲ ಎದ್ದು ಓಡಾಡಬಹುದಾಗಿತ್ತು. ಅದನ್ನೇ ಕಸುಬಾಗಿ ಮಾಡಿಕೊಂಡ ವೀರೆಸರು ಮುಂದೆ ‘ಮಿಸ್ಟರ್ ಪಾಂಟೂನ್’ ಎಂದೇ ಹೆಸರಾದರು. ಕಾಲಕ್ರಮದಲ್ಲಿ ಪೀಪಾಯಿಗಳ ಬದಲು ತುಕ್ಕು ಹಿಡಿಯದ ಅಲ್ಯುಮಿನಿಯಮ್ ಕೊಳವೆಗಳು ಬಂದವು.

ಈ ಉಪಾಯ ನಮ್ಮವರಿಗೆ ತೀರ ಹೊಸದೇನೂ ಅಲ್ಲ. ತೆಪ್ಪೋತ್ಸವವನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಚೆನ್ನೈಯ ಮೈಲಾಪುರದ ಕಲ್ಯಾಣಿಯಲ್ಲಿ ದೇವರ ತೆಪ್ಪವು ತೇಲುವುದು ಖಾಲಿ ಪೀಪಾಯಿಗಳ ಮೇಲೆಯೇ. ಪೀಪಾಯಿಯೊಳಗಿನ ಗಾಳಿ ಭಾರವನ್ನು ಹೊರುತ್ತದೆ. ಮೇಲಿನ ಹಲಗೆ ಜನರನ್ನು ಹೊರುತ್ತದೆ.

ಇನ್ನು ಅಮೆರಿಕದಲ್ಲಿ ತಿಳಿದವರು ಈ ದೋಣಿಯನ್ನು ಹೇಗೆ ಆರಿಸುತ್ತಾರೆಂಬುದನ್ನು ನೋಡೋಣ.

ಮೊದಲನೆಯದಾಗಿ ಅವರು ಕೇಳಿಕೊಳ್ಳುವ ಪ್ರಶ್ನೆ, ದೋಣಿ ಯಾವ ಕೆಲಸಕ್ಕೆ ಎಂಬುದು. ಸಂಜೆ ನಾಲ್ಕು ಜನ ಕೂತು ಮೆಲ್ಲಗೆ ಸುತ್ತಿ ಬರುವುದಕ್ಕೂ ಮೀನು ಹಿಡಿಯುವುದಕ್ಕೂ 16ರಿಂದ 20 ಅಡಿ ಉದ್ದದ, ಎರಡು ಕೊಳವೆಗಳ ದೋಣಿ ಸಾಕು. ಹತ್ತು ಹನ್ನೆರಡು ಜನರ ಕುಟುಂಬಕ್ಕೆ 22 ಅಥವಾ 24 ಅಡಿಯದು ಬೇಕಾಗುತ್ತದೆ. ಅಗಲ ಮಾತ್ರ ದೊಡ್ಡ ದೋಣಿಗಳಲ್ಲಿ ಬಹುಮಟ್ಟಿಗೆ ಎಂಟೂವರೆ ಅಡಿಗೇ ನಿಲ್ಲುತ್ತದೆ. ದೋಣಿಯನ್ನು ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವಾಗ, ವಿಶೇಷ ಅನುಮತಿಯಿಲ್ಲದೆ ಅಲ್ಲಿಯ ರಸ್ತೆಗಳಲ್ಲಿ ಸಾಮಾನ್ಯವಾಗಿ ಅಷ್ಟೇ ಅಗಲಕ್ಕೆ ಅವಕಾಶವಿರುವುದೇ ಇದಕ್ಕೆ ಕಾರಣ.

ಎರಡನೆಯದು ಕೊಳವೆಗಳು. ಮೆತ್ತನೆಯ ಕುರ್ಚಿ, ಬಣ್ಣ, ಗಾನದ ಪೆಟ್ಟಿಗೆ ಇವೆಲ್ಲ ಕಣ್ಣಿಗೆ ಹಬ್ಬ. ಆದರೆ ದೋಣಿಯೆಂಬುದು ನೆಲದ ಕೆಳಗೆ ಇದೆ. ಕೊಳವೆಯ ವ್ಯಾಸ ಸಾಮಾನ್ಯವಾಗಿ 23ರಿಂದ 27 ಅಂಗುಲ. ದಪ್ಪ ಹೆಚ್ಚಿದಷ್ಟೂ ಹೊರುವ ಶಕ್ತಿ ಹೆಚ್ಚು. ಒಳ್ಳೆಯ ಕೊಳವೆಯೊಳಗೆ ಅಡ್ಡಗೋಡೆಗಳನ್ನು ಹಾಕಿ ಹಲವು ಕೋಣೆಗಳನ್ನು ಮಾಡಿರುತ್ತಾರೆ. ಬಂಡೆಗೆ ತಗಲಿ ಒಂದು ಕೋಣೆಗೆ ನೀರು ನುಗ್ಗಿದರೂ ಉಳಿದವು ತೇಲಿಸುತ್ತವೆ. ಮೂರು ಕೊಳವೆಗಳ ದೋಣಿಗಳೂ ಉಂಟು. ಇವು ಹೆಚ್ಚು ಭಾರವನ್ನೂ ದೊಡ್ಡ ಯಂತ್ರವನ್ನೂ ತಾಳಿಕೊಳ್ಳುತ್ತವೆ, ಬೆಲೆಯೂ ಹೆಚ್ಚು. ಅಲೆ ಏಳುವ ದೊಡ್ಡ ಸರೋವರಕ್ಕೆ ಇದು ಮೇಲು.

ಮೂರನೆಯದು ಯಂತ್ರ. ಹಿಂದುಗಡೆ ತೂಗುಹಾಕುವ ಯಂತ್ರವು ತೀರ ದೊಡ್ಡದಾದರೆ ಅಪಾಯವೆಂಬುದು ಎಲ್ಲರಿಗೂ ಗೊತ್ತು. ತೀರ ಸಣ್ಣದೂ ಅಪಾಯವೇ. ಕಟಕಟೆ ಮತ್ತು ಚಾವಣಿಗಳು ಹಾಯಿಯಂತೆ ಗಾಳಿಯನ್ನು ಹಿಡಿಯುವುದರಿಂದ, ಬಿರುಗಾಳಿ ಎದ್ದಾಗ ಬಡ ಯಂತ್ರವು ದೋಣಿಯನ್ನು ದಡಕ್ಕೆ ತರಲಾರದೆ ಹೋಗುತ್ತದೆ.

ನಾಲ್ಕನೆಯದು ಹಳೆಯ ದೋಣಿಯ ಪರೀಕ್ಷೆ. ನಿಂತ ನೀರಿನಲ್ಲಿ ಖಾಲಿ ದೋಣಿಯನ್ನು ದೂರದಿಂದ ನೋಡಬೇಕು. ಅದು ಒಂದು ಪಕ್ಕಕ್ಕೆ ತಗ್ಗಿದ್ದರೆ ಆ ಪಕ್ಕದ ಕೊಳವೆಯಲ್ಲಿ ನೀರು ಸೇರಿರಬಹುದು. ಬೆಸುಗೆಯ ಬಳಿ ಬಿರುಕು, ಕೊಳವೆಯ ಮೇಲೆ ತಗ್ಗು, ಕಾಲಿಟ್ಟಲ್ಲಿ ಮೆತ್ತಗೆ ಕುಸಿಯುವ ಹಲಗೆ, ಇವುಗಳಲ್ಲಿ ಯಾವುದು ಕಂಡರೂ ಬಣ್ಣಕ್ಕೆ ಮರುಳಾಗಬಾರದು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ತಯಾರಿಸಿದವರು ಹಚ್ಚಿದ ಒಂದು ಸಣ್ಣ ಫಲಕ. ಎಷ್ಟು ಜನ, ಒಟ್ಟು ಎಷ್ಟು ತೂಕ, ಎಷ್ಟು ಅಶ್ವಶಕ್ತಿಯ ಯಂತ್ರ ಎಂಬ ಮೂರು ಸಂಖ್ಯೆಗಳು ಅದರಲ್ಲಿರುತ್ತವೆ. ನಮ್ಮ ಜನರು ಅತಿ ಹಗುರವಾಗಿ ಕಾಣುವುದೂ ಈ ಸಂಖ್ಯೆಯನ್ನೇ. “ಇಬ್ಬರು ಹೆಚ್ಚಾದರೆ ಮುಳುಗಿ ಹೋಗುತ್ತದೆಯೇ?” ಎಂದು ಕೇಳುವವರುಂಟು. ಈ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಹೇಳುವುದು ಒಳ್ಳೆಯದು.

60 ಸೆಂಟಿಮೀಟರ್ ವ್ಯಾಸದ, 6 ಮೀಟರ್ ಉದ್ದದ ಒಂದು ಕೊಳವೆಯನ್ನು ತೆಗೆದುಕೊಳ್ಳೋಣ. ಅದು ಪೂರ್ತಿ ಮುಳುಗಿದಾಗ ಪಕ್ಕಕ್ಕೆ ಸರಿಸುವ ನೀರು ಸುಮಾರು 1,700 ಲೀಟರು. ಒಂದು ಲೀಟರು ನೀರಿನ ತೂಕ ಒಂದು ಕಿಲೋ. ಆರ್ಕಿಮಿಡೀಸನ ತತ್ವದ ಪ್ರಕಾರ ಆ ಕೊಳವೆ ಹೆಚ್ಚೆಂದರೆ 1,700 ಕಿಲೋ ಹೊರಬಲ್ಲುದು. ಎರಡು ಸೇರಿ 3,400. ದೋಣಿ ಮತ್ತು ಯಂತ್ರದ ಸ್ವಂತ ತೂಕ 1,000 ಕಿಲೋ ಎಂದು ಹಿಡಿಯೋಣ. ಅಂದರೆ ಒಂದೊಂದು ಕೊಳವೆಗೆ 500.

ಆಳಿಗೆ 65 ಕಿಲೋ ಪ್ರಕಾರ ಹತ್ತು ಜನ ಹತ್ತಿದರೆ 650 ಕಿಲೋ. ಒಟ್ಟು 1,650 ಕಿಲೋ ಆಗಿ, ಕೊಳವೆಗಳು ಅರ್ಧದಷ್ಟು ಮುಳುಗಿರುತ್ತವೆ. ಇಪ್ಪತ್ತು ಜನ ಹತ್ತಿದರೆ 1,300 ಕಿಲೋ. ದೋಣಿಯ ತೂಕ ಸೇರಿ 2,300. ಇದು 3,400ಕ್ಕಿಂತ ಬಹಳ ಕಡಮೆ. ದೋಣಿ ತೇಲುತ್ತದೆ, ನಡೆಯುತ್ತದೆ. “ನೋಡಿ, ಏನೂ ಆಗಲಿಲ್ಲವಲ್ಲ!” ಎಂದು ಎಲ್ಲರಿಗೂ ಧೈರ್ಯ ಬರುತ್ತದೆ. ಮೋಸವಿರುವುದು ಇಲ್ಲಿಯೇ.

ಈಗ ಎಡಗಡೆಯ ದಡದಲ್ಲಿ ಯಾರೋ ಆನೆಯನ್ನು ಕಂಡು ಕೂಗಿದರೆನ್ನಿ. ಎಲ್ಲರೂ ಎದ್ದು ಎಡಕ್ಕೆ ಹೋಗುತ್ತಾರೆ. ಹತ್ತೇ ಜನರಿದ್ದರೆ ಎಡಗಡೆಯ ಕೊಳವೆಯ ಮೇಲೆ 500ಕ್ಕೆ 650 ಸೇರಿ 1,150 ಕಿಲೋ ಬೀಳುತ್ತದೆ. ದೋಣಿ ವಾಲುತ್ತದೆ, ಆದರೆ ಕೊಳವೆಗೆ ಇನ್ನೂ 550 ಕಿಲೋದಷ್ಟು ಶಕ್ತಿ ಬಾಕಿ ಇರುತ್ತದೆ. ಇಪ್ಪತ್ತು ಜನರಿದ್ದರೆ 500ಕ್ಕೆ 1,300 ಸೇರಿ 1,800 ಆಯಿತು. ಕೊಳವೆ ಹೊರಬಲ್ಲುದು 1,700 ಮಾತ್ರ. ಆ ಪಕ್ಕ ನೀರಿನೊಳಗೆ ಇಳಿಯುತ್ತದೆ, ನೆಲ ಇಳಿಜಾರಾಗುತ್ತದೆ, ಉಳಿದವರೂ ಅದೇ ಪಕ್ಕಕ್ಕೆ ಜಾರುತ್ತಾರೆ. ಮುಂದಿನದನ್ನು ಹೇಳಬೇಕಾಗಿಲ್ಲ.

ನಿಜವಾದ ದೋಣಿಯಲ್ಲಿ ಅಲೆ, ಗಾಳಿ, ತಿರುವು ಇವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಆದರೆ ತಾತ್ಪರ್ಯ ಇದೇ. ಫಲಕದ ಸಂಖ್ಯೆಯು ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತಿರುವಾಗ ಎಷ್ಟು ಜನ ತೇಲಬಹುದೆಂಬುದರ ಸಂಖ್ಯೆಯಲ್ಲ. ಏನಾದರೂ ಕೆಟ್ಟಾಗಲೂ ಎಷ್ಟು ಜನ ಉಳಿಯಬಹುದೆಂಬುದರ ಸಂಖ್ಯೆ. ನಾವು ಕಾಣುವ ಆ ಹೆಚ್ಚಿನ ಶಕ್ತಿ ಖರ್ಚಿಗಿರುವ ಹಣವಲ್ಲ, ಆಪತ್ತಿಗೆಂದು ಇಟ್ಟ ಇಡುಗಂಟು.

ಇದು ಬರಿಯ ಕಾಗದದ ಲೆಕ್ಕವಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಸರೋವರದಲ್ಲಿ ಎರಡಂತಸ್ತಿನ ವಿಹಾರದೋಣಿಯೊಂದು ಮಗುಚಿ 45 ಜನ ತೀರಿಕೊಂಡರು. ಕಾಡುಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದೇ ಪಕ್ಕಕ್ಕೆ ಸರಿದರೆಂದು ಆಗ ವರದಿಯಾಯಿತು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲೆಯ ವಿಹಾರಕ್ಕೆ ಬಂದಿದ್ದ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಮುಳುಗಿ ಸತ್ತರು. ಆ ದೋಣಿಯಲ್ಲಿ ಮಿತಿಮೀರಿ ಜನರಿದ್ದರು. ಜೀವರಕ್ಷಕ ಜಾಕೆಟು ಎಲ್ಲರಿಗೂ ಇರಲಿಲ್ಲ. ಇವು ಪಾಂಟೂನ್ ದೋಣಿಗಳೆಂದು ನಾವು ಹೇಳುತ್ತಿಲ್ಲ. ಆದರೆ ತೂಕದ ನಿಯಮ ಎಲ್ಲ ದೋಣಿಗಳಿಗೂ ಒಂದೇ. ಪಾಂಟೂನ್ ದೋಣಿಯಲ್ಲಿ ಇನ್ನೊಂದು ತೊಡಕೂ ಉಂಟು. ಅದರ ನೆಲ ಅಲುಗದೆ ಇರುವುದರಿಂದ, ನೀರಿನ ಮೇಲಿದ್ದೇವೆಂಬುದೇ ನಮಗೆ ಮರೆತುಹೋಗುತ್ತದೆ.

ಆದುದರಿಂದ ದಡದಲ್ಲಿ ನಿಂತು, ಟಿಕೇಟು ಕೊಳ್ಳುವ ಮೊದಲು, ನಾವು ನೋಡಬೇಕಾದುದು ಇಷ್ಟು. ದೋಣಿಯ ಮೇಲೆ ಜನರ ಸಂಖ್ಯೆ ಬರೆದಿದೆಯೇ? ಬರೆದಿದ್ದರೆ ಹತ್ತಿದವರನ್ನು ಎಣಿಸಬೇಕು. ಬಸ್ಸಿನಲ್ಲಿ ಮಗುವಿಗೆ ಅರ್ಧ ಟಿಕೇಟು ಇರಬಹುದು. ದೋಣಿಯಲ್ಲಿ ಕಂಕುಳ ಕೂಸೂ ಒಂದು ಪೂರ್ತಿ ತಲೆಯೇ. ಯಂತ್ರದಿಂದ ನಡೆಯುವ ದೋಣಿಗೆ 2021ರ ಒಳನಾಡು ಹಡಗುಗಳ ಕಾಯಿದೆಯ ಪ್ರಕಾರ ಪರೀಕ್ಷೆಯ ಪ್ರಮಾಣಪತ್ರವೂ ನೋಂದಣಿಯೂ ಬೇಕು. ಅದನ್ನು ವಿಚಾರಿಸುವುದು ನಮ್ಮ ಹಕ್ಕು. ಕೇಳಿದರೆ ಅವಮಾನವೇನೂ ಇಲ್ಲ.

ಎರಡನೆಯದಾಗಿ ಜಾಕೆಟು. ತಲೆಗೊಂದು ಇದೆಯೇ, ಮಕ್ಕಳ ಅಳತೆಯದು ಇದೆಯೇ, ಗುಂಡಿ ಪಟ್ಟಿಗಳು ಸರಿಯಾಗಿವೆಯೇ ಎಂದು ನೋಡಬೇಕು. ಬೆಂಚಿನ ಕೆಳಗೆ ಕಟ್ಟಿಟ್ಟ ಜಾಕೆಟಿನಿಂದ ಯಾರೂ ಬದುಕುವುದಿಲ್ಲ. ಮಿನ್ನೆಸೋಟದಲ್ಲಿ ದೋಣಿ ನಡೆಯುತ್ತಿರುವಾಗ 10 ವರ್ಷದೊಳಗಿನ ಮಕ್ಕಳು ಜಾಕೆಟನ್ನು ತೊಟ್ಟೇ ಇರಬೇಕೆಂದು ಕಾನೂನಿದೆ. ಅಲ್ಲಿ ಈಜು ಬಲ್ಲ ಮಕ್ಕಳಿಗೂ ಅದು ತಪ್ಪಿದ್ದಲ್ಲ. ನಲ್ಲಿಯ ನೀರಿನಲ್ಲಿ ಬೆಳೆದ ನಮ್ಮ ಚಾಳಿನ ಮಕ್ಕಳಿಗೆ ಇನ್ನೆಷ್ಟು ಬೇಕೆಂಬುದನ್ನು ಓದುಗರೇ ಯೋಚಿಸಲಿ.

ಮೂರನೆಯದಾಗಿ, ಹತ್ತಿದ ಮೇಲೆ ಕಟಕಟೆಯ ಬಾಗಿಲನ್ನು ಹಾಕಿಸಬೇಕು. ಫೋಟೋಕ್ಕಾಗಿ ಮುಂಭಾಗದಲ್ಲಿ ಕಾಲು ಇಳಿಬಿಟ್ಟು ಕೂಡುವ ಚಪಲ ಹಲವರಿಗೆ ಇದೆ. ಅಲ್ಲಿಂದ ಬಿದ್ದವನ ಮೇಲೆಯೇ ದೋಣಿ ಹಾಯುತ್ತದೆ. ಹಿಂದೆ ತಿರುಗುತ್ತಿರುವ ಯಂತ್ರದ ರೆಕ್ಕೆಗಳಿವೆ. ದೋಣಿ ನಿಲ್ಲುವ ತನಕ ಎಲ್ಲರೂ ಕಟಕಟೆಯ ಒಳಗೇ ಇರಬೇಕು. ಆನೆ ಕಂಡರೂ ಸರಿ, ನವಿಲು ಕಂಡರೂ ಸರಿ, ಕೂತಲ್ಲಿಂದಲೇ ನೋಡಬೇಕು.

ಅಂಬಿಗನೊಡನೆ ಜಗಳವಾಡಬೇಕೆಂದು ನಾವು ಹೇಳುತ್ತಿಲ್ಲ. ಆತನೂ ನಮ್ಮಂತೆ ಹೊಟ್ಟೆಗಾಗಿ ದುಡಿಯುವವನು. ಜನ ತುಂಬಿದಷ್ಟು ಮಾಲಿಕನು ಮೆಚ್ಚುತ್ತಾನೆಂಬ ಒತ್ತಾಯ ಆತನ ಮೇಲೂ ಇರುತ್ತದೆ. ಸಂಖ್ಯೆ ಮೀರಿದೆಯೆಂದು ಕಂಡರೆ ಸಮಾಧಾನದಿಂದ, “ಅಣ್ಣಾ, ನಾವು ಮುಂದಿನ ಸರತಿಗೆ ಬರುತ್ತೇವೆ” ಎಂದು ಹೇಳಿ ಮಕ್ಕಳೊಡನೆ ಇಳಿದುಬಿಡೋಣ. ಅರ್ಧ ತಾಸು ಕಾಯಬೇಕಾದೀತು, ಮಕ್ಕಳು ಅತ್ತಾರು. ಅವರಿಗೆ ಒಂದಿಷ್ಟು ಕಡಲೆಕಾಯಿ ಕೊಡಿಸಿ ದಡದ ಮೇಲೆ ಕೂಡಿಸಿಕೊಂಡು, ಮುಂದಿನ ದೋಣಿ ಬರುವಷ್ಟರಲ್ಲಿ ಈ ಕೊಳವೆಯ ಲೆಕ್ಕವನ್ನು ಅವರಿಗೂ ಹೇಳಿಕೊಡಬಹುದು.