ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ: ದೂರ ಎಷ್ಟು, ಹೊತ್ತು ಎಷ್ಟು?

ಲಕ್ಷದ್ವೀಪ, ಅಂಡಮಾನ್ ಎರಡನ್ನೂ ಒಂದೇ ರಜೆಯಲ್ಲಿ ನೋಡಿಬರುವ ಆಸೆಯುಳ್ಳ ಸದಸ್ಯರಿಗಾಗಿ ಇದನ್ನು ಬರೆಯುತ್ತಿದ್ದೇವೆ. ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ (ಈಗ ಶ್ರೀ ವಿಜಯಪುರಂ) ನೇರ ಗೆರೆ ಎಳೆದರೆ ಸುಮಾರು 2,240 ಕಿ.ಮೀ. ಜೆಟ್ ವಿಮಾನಕ್ಕೆ ಮೂರು ಗಂಟೆಯ ದಾರಿ. ಆದರೆ ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಮಾತ್ರ; ದೊಡ್ಡ ಜೆಟ್ ಅಲ್ಲಿ ಇಳಿಯಲಾರದು. ಹಾಗಾಗಿ ಚಿಕ್ಕ ಎಟಿಆರ್‌ನಲ್ಲಿ ಕೊಚ್ಚಿಗೆ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ಚೆನ್ನೈಗೆ ಒಂದೂಕಾಲು, ಬಂಗಾಳ ಕೊಲ್ಲಿ ದಾಟಲು ಎರಡೂಕಾಲು. ಹಾರಾಟವೇ ಐದು ಗಂಟೆ; ಕಾಯುವುದೂ ಸೇರಿದರೆ ದಿನವೇ ಹೋಯಿತು. ಟಿಕೆಟ್‌ಗಳು ಬೇರೆ ಬೇರೆಯಾಗಿದ್ದರೆ ನಡುವೆ ಒಂದು ರಾತ್ರಿ ಇಟ್ಟುಕೊಳ್ಳುವುದೇ ಲೇಸು. ಲಕ್ಷದ್ವೀಪದ ಪರವಾನಗಿ ಮೊದಲೇ ಪಡೆಯಿರಿ. ಗಡಿಯಾರ ತಿರುಗಿಸಬೇಕಿಲ್ಲ, ಆದರೆ ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ಅಗತ್ತಿಗಿಂತ ಸುಮಾರು 80 ನಿಮಿಷ ಮೊದಲೇ ಮುಳುಗುತ್ತಾನೆ; ಮಧ್ಯಾಹ್ನದ ಮೇಲೆ ಇಳಿದವರಿಗೆ ಅಂದು ಊರು ನೋಡಲು ಬೆಳಕು ಸಾಲದು.