ಕಾಕಂಬಿಯಾದರೆ ವಿಸ್ಕಿ, ಗೇರುಹಣ್ಣಾದರೆ ಕೇಸು

ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕುಂಬ್ರದ ಯಾವ ಗುಡ್ಡೆ ಹತ್ತಿದರೂ ಒಂದೇ ವಾಸನೆ. ಮರದ ಬುಡದಲ್ಲಿ ಬಿದ್ದು ಹುಳಿಯುತ್ತಿರುವ ಗೇರುಹಣ್ಣಿನದ್ದು. ನಾವು ಸಣ್ಣವರಿದ್ದಾಗ ದೊಡ್ಡ ರಜೆ ಅಂದರೆ ಬೀಜ ಹೆಕ್ಕುವ ಕೆಲಸ. ತಿರುಚಿ ತೆಗೆದ ಬೀಜ ಬುಟ್ಟಿಗೆ, ಹಣ್ಣು ಅಲ್ಲೇ ನೆಲಕ್ಕೆ. ಒಂದೆರಡನ್ನು ಉಪ್ಪು ಮೆಣಸು ಹಾಕಿ ತಿನ್ನುತ್ತಿದ್ದೆವು, ಗಂಟಲು ಕೆರೆಯುತ್ತಿತ್ತು, ಅಂಗಿಗೆ ಬಿದ್ದ ಕಲೆಗೆ ಮನೆಯಲ್ಲಿ ಬೈಗುಳ. ಉಳಿದದ್ದು ದನಗಳಿಗೆ, ನೊಣಗಳಿಗೆ.

ಒಂದು ಲೆಕ್ಕ ಹಾಕಿ ನೋಡಿ. ಗೇರುಹಣ್ಣು ಬೀಜಕ್ಕಿಂತ ಸಾಧಾರಣ 8ರಿಂದ 10 ಪಟ್ಟು ಹೆಚ್ಚು ತೂಗುತ್ತದೆ. ಅಂದರೆ ಒಂದು ಕ್ವಿಂಟಲ್ ಬೀಜ ಮಾರಿದ ಮನೆಯವರು ಎಂಟು ಹತ್ತು ಕ್ವಿಂಟಲ್ ಹಣ್ಣನ್ನು ಗುಡ್ಡೆಯಲ್ಲೇ ಬಿಟ್ಟು ಬಂದಿರುತ್ತಾರೆ. ಇದು ದೇಶದ ಗೇರು ಸಂಶೋಧನಾ ಕೇಂದ್ರ 1986ರಿಂದ ಇರುವ ಪುತ್ತೂರು ತಾಲೂಕಿನ ಕತೆ. ಹಣ್ಣಿನಿಂದ ಜ್ಯೂಸ್, ಜಾಮ್ ಎಲ್ಲ ಮಾಡಬಹುದು ನಿಜ. ಆದರೆ ಬಿದ್ದ ಹಣ್ಣು ಒಂದು ದಿನವೂ ತಾಳುವುದಿಲ್ಲ, ಒಗರು ತೆಗೆಯಲು ಬೇರೆ ಕೆಲಸ ಉಂಟು. ತಂಪುಕೋಣೆ, ಲಾರಿ ಇಲ್ಲದ ಮನೆಯಲ್ಲಿ ಹಣ್ಣು ತಾನಾಗಿ ಮಾಡಿಕೊಳ್ಳುವ ಕೆಲಸ ಒಂದೇ, ಹುಳಿಯುವುದು. ಆ ಹುಳಿರಸವನ್ನು ಹಂಡೆಗೆ ಹಾಕಿ ಬೆಂಕಿ ಕೊಟ್ಟರೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ನೀವು ಅಪರಾಧಿ. ತುಳುವಿನಲ್ಲಿ ಭಟ್ಟಿ ಸಾರಾಯಿಗೆ ಗಂಗಸರ ಅನ್ನುತ್ತಾರೆ. ಆ ಶಬ್ದವನ್ನು ನಮ್ಮೂರಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಇದೇ ಕೆಲಸ ಜಪಾನಿನಲ್ಲಿ ಊರಿನ ಹೆಮ್ಮೆ. ಅಕ್ಕಿಗೆ ಕೋಜಿ ಎಂಬ ಬೂಷ್ಟು ಹಿಡಿಸಿ ಹುಳಿಸಿದ ಮದ್ಯ ಸಾಕೆ. ಸಾವಿರಕ್ಕೂ ಹೆಚ್ಚು ಸಾಕೆ ಮನೆಗಳಿವೆ, ಬಹಳಷ್ಟು ತಲೆಮಾರುಗಳಿಂದ ಒಂದೇ ಕುಟುಂಬದ ಕೈಯಲ್ಲಿ. ಕೋಬೆ ಹತ್ತಿರದ ನಾದಾದ್ದು ಗಡಸು ನೀರು, ಕ್ಯೋಟೋದ ಫುಶಿಮಿಯದ್ದು ಮೃದು ನೀರು, ಅದಕ್ಕೇ ರುಚಿ ಬೇರೆ ಅನ್ನುತ್ತಾರೆ. ನೀಗಾತದ್ದು ಇನ್ನೊಂದೇ ಬಗೆ. ಊರಿನ ಹೆಸರೇ ಬ್ರ್ಯಾಂಡ್. 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ತನ್ನ ಪರಂಪರೆಯ ಪಟ್ಟಿಗೂ ಸೇರಿಸಿತು.

ಆದರೆ ನನಗೆ ಮುಖ್ಯ ಅನಿಸಿದ್ದು ಈ ಹೊಳಪಲ್ಲ. 1899ರಲ್ಲಿ ಜಪಾನ್ ಸರ್ಕಾರ ರೈತರು ಮನೆಯಲ್ಲಿ ಅಕ್ಕಿ ಮದ್ಯ ಮಾಡುವುದನ್ನು ಪೂರ್ತಿ ನಿಷೇಧಿಸಿತು. ಕಾರಣ ಆರೋಗ್ಯ ಅಲ್ಲ, ತೆರಿಗೆ. ಆ ಕಾಲಕ್ಕೆ ಸರ್ಕಾರದ ತೆರಿಗೆ ಆದಾಯದ ಸುಮಾರು ಮೂರನೇ ಒಂದು ಪಾಲು ಮದ್ಯದಿಂದ ಬರುತ್ತಿತ್ತು. ಮನೆಯಲ್ಲಿ ಮಾಡಿ ಕುಡಿಯುವವನು ತೆರಿಗೆ ಕೊಡುವುದಿಲ್ಲ. ಇವತ್ತಿಗೂ ಸಾಕೆ ಲೈಸನ್ಸ್ ಬೇಕಾದರೆ ವರ್ಷಕ್ಕೆ ಕನಿಷ್ಠ 60 ಸಾವಿರ ಲೀಟರ್ ಮಾಡಬೇಕು. ಸುಮಾರು ನೂರು ವರ್ಷ ಕಳೆದು, ಹಳ್ಳಿಗಳು ಖಾಲಿಯಾಗುತ್ತಾ ಬಂದಾಗ, ಸರ್ಕಾರ ಕೆಲವು ವಿಶೇಷ ವಲಯಗಳನ್ನು ಮಾಡಿತು. 2003ರಿಂದ ಇವಾತೆ ಪ್ರಾಂತ್ಯದ ತೋನೋದಂಥ ಊರುಗಳಲ್ಲಿ, ಹೋಮ್‌ಸ್ಟೇ ಅಥವಾ ಹೋಟೆಲ್ ನಡೆಸುವ ರೈತ ತಾನೇ ಬೆಳೆದ ಅಕ್ಕಿಯಿಂದ ದೊಬುರೊಕು ಎಂಬ ಸೋಸದ ಮದ್ಯವನ್ನು ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಕನಿಷ್ಠ ಪ್ರಮಾಣದ ಷರತ್ತು ಅವನಿಗಿಲ್ಲ.

ನಮ್ಮಲ್ಲಿ? ಮದ್ಯ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ, ಹಾಗಾಗಿ ಒಂದೇ ಹಣ್ಣಿಗೆ ಗಡಿ ದಾಟಿದ ಕೂಡಲೇ ಬೇರೆ ಕಾನೂನು. ಗೋವಾದಲ್ಲಿ ಗೇರುಹಣ್ಣನ್ನು ತುಳಿದು ರಸ ತೆಗೆದು, ಮೂರು ದಿನ ಹುಳಿಸಿ, ಒಮ್ಮೆ ಭಟ್ಟಿ ಇಳಿಸಿದರೆ ಊರಾಕ್, ಮತ್ತೊಮ್ಮೆ ಇಳಿಸಿದರೆ ಫೆನಿ. ಅದಕ್ಕೆ 2009ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಆದರೂ ಕಾಗದದಲ್ಲಿ ಅದು ‘ಕಂಟ್ರಿ ಲಿಕ್ಕರ್’ ಆಗಿಯೇ ಇತ್ತು, ಹೊರರಾಜ್ಯಕ್ಕೆ ಕಳಿಸುವುದು ಕಷ್ಟ. 2016ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪರಂಪರೆಯ ಪಾನೀಯ ಎಂದು ಘೋಷಿಸಿತು. ಹಂಡೆ, ಹಣ್ಣು, ಬೆಂಕಿ ಎಲ್ಲ ಅದೇ, ಬದಲಾದದ್ದು ಹೆಸರು. ಕುಂಬ್ರದಿಂದ ಈಶ್ವರಮಂಗಲ ದಾಟಿ ಗಾಳಿಮುಖಕ್ಕೆ ಹೋದರೆ ಕೇರಳ. ಅಲ್ಲಿ 2022ರಲ್ಲಿ ಹಣ್ಣುಹಂಪಲಿನ ವೈನ್ ಮಾಡುವ ಸಣ್ಣ ಘಟಕಗಳಿಗೆ ನಿಯಮ ಬಂತು. ಅದೇ ವರ್ಷ ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಸೇವಾ ಸಹಕಾರಿ ಬ್ಯಾಂಕಿಗೆ ಗೇರುಹಣ್ಣಿನ ಮದ್ಯ ಮಾಡಲು ಅನುಮತಿ ಸಿಕ್ಕಿತು. ಸಹಕಾರಿ ಬ್ಯಾಂಕು, ನೆನಪಿಡಿ, ಡಿಸ್ಟಿಲರಿ ಕಂಪನಿ ಅಲ್ಲ.

ಕರ್ನಾಟಕಕ್ಕೆ ಇದು ಬರುವುದಿಲ್ಲ ಎಂದಲ್ಲ. 2007 ನಮ್ಮಲ್ಲಿ ವಿಚಿತ್ರ ವರ್ಷ. ಜುಲೈ 1ಕ್ಕೆ ಸಾರಾಯಿ ನಿಷೇಧ. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ, ಅದಕ್ಕೊಂದು ಮಂಡಳಿ. ದ್ರಾಕ್ಷಿ ಬೆಳೆಗಾರನಿಗೆ ಸರ್ಕಾರ ಕೈ ಹಿಡಿದು ಮದ್ಯ ಮಾಡುವುದನ್ನು ಕಲಿಸಿದೆ. ಹಾಗೆ ನೋಡಿದರೆ ನಮ್ಮ ಬಾರುಗಳಲ್ಲಿ ಸಿಗುವ ಅಗ್ಗದ ವಿಸ್ಕಿ, ರಮ್, ಬ್ರಾಂದಿಯ ತಾಯಿಬೇರು ಯಾವುದು? ಬಹುಪಾಲು ಕಾಕಂಬಿಯಿಂದ ತೆಗೆದ ಸ್ಪಿರಿಟ್. ಕಾಕಂಬಿ ಸಕ್ಕರೆ ಕಾರ್ಖಾನೆಯ ಉಳಿಕೆ, ಗೇರುಹಣ್ಣು ಬೀಜದ ಉಳಿಕೆ. ಒಂದಕ್ಕೆ ಕಾರ್ಖಾನೆ, ಬಣ್ಣ, ಇಂಗ್ಲಿಷ್ ಹೆಸರು, 2003ರಲ್ಲಿ ಶುರುವಾದ ಸರ್ಕಾರಿ ಪಾನೀಯ ನಿಗಮದ ಗೋದಾಮು. ಇನ್ನೊಂದಕ್ಕೆ ಪೊಲೀಸ್ ಜೀಪು. 2025–26ರ ಬಜೆಟ್‌ನಲ್ಲಿ ಅಬಕಾರಿ ಗುರಿ 40 ಸಾವಿರ ಕೋಟಿ ರೂಪಾಯಿ. ನಿಷೇಧ ಎಂದರೆ ಕುಡಿತದ ನಿಷೇಧ ಎಂದು ಇನ್ನೂ ನಂಬಿದವರಿದ್ದರೆ ಈ ಅಂಕಿ ನೋಡಬೇಕು.

ಇಷ್ಟು ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುವುದು ಸುಲಭ. ಎದುರಿನ ವಾದ ಗಟ್ಟಿ ಉಂಟು. 1981ರಲ್ಲಿ ಬೆಂಗಳೂರಿನಲ್ಲಿ ವಿಷ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರಲ್ಲಿ, ನಿಷೇಧ ಬಂದು ವರ್ಷ ತುಂಬುವ ಮೊದಲೇ, ಬೆಂಗಳೂರು, ಕೋಲಾರ, ಗಡಿಯಾಚೆ ತಮಿಳುನಾಡಿನಲ್ಲಿ ಮತ್ತೆ 100ಕ್ಕೂ ಹೆಚ್ಚು ಸಾವು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅವರ ಎದುರು ನಿಂತು ‘ಪರಂಪರೆ’ ಅನ್ನಲು ನನಗೆ ಧೈರ್ಯವಿಲ್ಲ.

ನಮ್ಮ ಕಡೆಯಲ್ಲಿ ಇನ್ನೊಂದು ಸೂಕ್ಷ್ಮ. ಕಳ್ಳು ಇಳಿಸುವ ಮೂರ್ತೆ ಬಿಲ್ಲವರ ಕುಲಕಸುಬು ಎಂದೇ ಲೆಕ್ಕ. ದೈವಕ್ಕೆ ಕಲಿ ಬಡಿಸುವಾಗ ಬೇಕಾಗುವ ಜನ ಉಳಿದ ದಿನ ಅಂಗಳದ ಹೊರಗೆ ನಿಲ್ಲಬೇಕಿತ್ತು. ಮದ್ಯ ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದವರು ನಾರಾಯಣ ಗುರುಗಳು. ಅವರೇ 1912ರಲ್ಲಿ ಕುದ್ರೋಳಿಯಲ್ಲಿ ದೇವಸ್ಥಾನ ಪ್ರತಿಷ್ಠೆ ಮಾಡಿದರು. ಮರ ಇಳಿದು ಶಾಲೆ, ಬ್ಯಾಂಕು, ಬೊಂಬಾಯಿ ಹಿಡಿದ ಕುಟುಂಬಗಳಿಗೆ ಅದು ಬಿಡುಗಡೆ. ಮೂರ್ತೆದಾರರ ಸಹಕಾರಿ ಸಂಘಗಳು ಇವತ್ತೂ ಇವೆ, ಹೆಚ್ಚಿನವು ಠೇವಣಿ, ಸಾಲದ ವ್ಯವಹಾರ ಮಾಡುತ್ತವೆ. ಹಾಗಿರುವಾಗ ಹೊರಗಿನವರು ಬಂದು ‘ನಿಮ್ಮ ಹಳೇ ಕಸುಬು ಬಹಳ ಚಂದ, ಮತ್ತೆ ಶುರು ಮಾಡಿ’ ಅನ್ನುವುದು ಅಸಭ್ಯ. ಭಟ್ಟಿ ಯಾರ ಜಾತಿಯ ಕೆಲಸವೂ ಆಗಬಾರದು, ಗೇರು ಗುಡ್ಡೆ ಇದ್ದವರ ಹಕ್ಕು ಆಗಬೇಕು.

ಹಾಗಾಗಿ ನನ್ನ ಪಕ್ಷ ಸಾರಾಯಿ ಅಂಗಡಿಯ ವಾಪಸಾತಿ ಅಲ್ಲ. ತೋನೋ ಮಾದರಿಯ ಸಣ್ಣ ಲೈಸನ್ಸ್. ಹಣ್ಣಿನ ಹಂಗಾಮಿನ ಮೂರು ತಿಂಗಳು ಮಾತ್ರ, ತನ್ನ ಗುಡ್ಡೆ ಅಥವಾ ತನ್ನ ಸಂಘದ ಗುಡ್ಡೆಯ ಹಣ್ಣು ಮಾತ್ರ. ಪ್ರತಿ ಬ್ಯಾಚಿಗೆ ಮೆಥನಾಲ್ ಪರೀಕ್ಷೆ. ಪ್ಯಾಕೆಟ್ ಬೇಡ, ಬಾಟಲಿ, ಅದೂ ದಿನಗೂಲಿಯವನ ಕೈಗೆ ದಿನಾ ಎಟುಕದ ಬೆಲೆಗೆ. ಫೆನಿ ಎಂಬ ಹೆಸರು ಗೋವಾದ ಜಿಐ, ಅದನ್ನು ನಾವು ಮುಟ್ಟುವಂತಿಲ್ಲ. ಬೇರೆ ಹೆಸರು ಬೇಕು. ಗಂಗಸರ ಎಂದೇ ಇಡಬೇಕು ಎಂದು ನನ್ನ ವಾದ, ಮನೆಯಲ್ಲಿ ಯಾರೂ ಒಪ್ಪಿಲ್ಲ.

ಇದನ್ನೆಲ್ಲ ಈ ಸಲ ಬೀಜ ಹೆಕ್ಕುವಾಗ ದೊಡ್ಡಮ್ಮನಿಗೆ ವಿವರಿಸಿದೆ. ಅವರು ಬುಟ್ಟಿ ಇಳಿಸಿ ಕೇಳಿದ್ದು ಒಂದೇ: “ಲೈಸನ್ಸ್ ಬಂದ್ರೆ ನಮ್ಮ ಹೆಸರಿಗೆ ಬರ್ತದಾ ಮಾರಾಯಾ, ಅಲ್ಲ ಬಾರಿನವನ ಹೆಸರಿಗಾ?”

ಗೋವಾದಲ್ಲಿ ಭಟ್ಟಿಯ ಹಕ್ಕನ್ನು ವಲಯ ವಲಯವಾಗಿ ಹರಾಜು ಹಾಕುತ್ತಾರೆ. ಹೆಚ್ಚು ಕೂಗಿದವನಿಗೆ ವಲಯ. ಅದನ್ನು ಹೇಳಿದೆ. “ಹಾಗಾದ್ರೆ ಈಗಿರುವುದೇ ಆಯ್ತಲ್ಲ” ಅಂದವರು ಮತ್ತೆ ಬುಟ್ಟಿ ಎತ್ತಿಕೊಂಡರು.