ಚರಂಡಿ ತೆಗೆಯೋರು ಹೋದರು, ರಸ್ತೆನೂ ಹೋಯ್ತು: ಹಳ್ಳಿ ರಸ್ತೆಗೆ ಯಾರನ್ನ, ಯಾವಾಗ ಕೇಳಬೇಕು?

ಹೋದ ಮುಂಗಾರಿನಲ್ಲಿ ನಮ್ಮ ಟೊಮೆಟೊ ತುಂಬಿದ ಗಾಡಿ ಊರಾಚೆ ಮೋರಿ ಹತ್ರ ಹೂತ್ಕೊಂಡು ನಿಂತುಬಿಡ್ತು. ಟ್ರ್ಯಾಕ್ಟರ್ ತಂದು ಎಳೆಸೋ ಹೊತ್ತಿಗೆ ಮಂಡಿಯಲ್ಲಿ ಬೆಳಗಿನ ಹರಾಜು ಮುಗಿದಿತ್ತು, ಕೆಳಗಿನ ಕ್ರೇಟ್‌ಗಳ ಹಣ್ಣು ಜಜ್ಜಿಹೋಗಿತ್ತು. ಸಿಟ್ಟಲ್ಲಿ ಎಂಜಿನಿಯರ್ ಕಚೇರಿಗೆ ಹೋದೆ. ಅಲ್ಲಿದ್ದ ಜೆಇ ತಮ್ಮ ಕೆಲಸದ ಜೊತೆ ಇನ್ನೊಂದು ಕಡೆಯ ಪ್ರಭಾರವನ್ನೂ ನೋಡಿಕೊಳ್ತಿದ್ದರು. "ಗ್ಯಾಂಗ್‌ನವರು ಒಬ್ಬರೂ ಉಳಿದಿಲ್ಲ, ನಿರ್ವಹಣೆ ದುಡ್ಡು ಎರಡು ರಸ್ತೆಗೂ ಸಾಲಲ್ಲ" ಅಂದ್ರು. ಅವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ ಅಂತ ಗೊತ್ತಾಯ್ತು. ಆಮೇಲೆ ನಾನು ತಿಳಿದುಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಗ್ಯಾಂಗ್ ಎಲ್ಲಿ ಹೋಯ್ತು?

ನಮ್ಮ ಅಪ್ಪನ ಕಾಲದಲ್ಲಿ ಗುದ್ದಲಿ, ಬಾಂಡ್ಲಿ ಹಿಡಿದ ನಾಲ್ಕೈದು ಜನ ರಸ್ತೆ ಬದಿಯಲ್ಲಿ ಕೆಲಸ ಮಾಡ್ತಾ ಕಾಣಿಸ್ತಿದ್ರು. ಮಳೆಗೆ ಮುಂಚೆ ಚರಂಡಿ ಹೂಳು ತೆಗೆಯೋದು, ಮೋರಿ ಬಾಯಿ ಬಿಡಿಸೋದು, ಅಂಚಿಗೆ ಮಣ್ಣು ಏರಿಸೋದು, ಸಣ್ಣ ಗುಂಡಿಗೆ ಜಲ್ಲಿ ತುಂಬೋದು ಅವರ ಕೆಲಸ. ಅವರಲ್ಲಿ ಬಹಳ ಜನ ದಿನಗೂಲಿಯವರು.

1984ರ ಜುಲೈ 1ರಿಂದ ಹೊಸದಾಗಿ ದಿನಗೂಲಿ ಮೇಲೆ ಜನ ತಗೊಳ್ಳೋದನ್ನ ಕರ್ನಾಟಕ ಸರ್ಕಾರ ನಿಷೇಧಿಸಿತು. ಆಗಲೇ ಕೆಲಸದಲ್ಲಿದ್ದವರು ಕಾಯಂಗಾಗಿ ಹೋರಾಡಿದರು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ದಿನಗೂಲಿ ನೌಕರರ ಸಂಘದ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್ ಅವರನ್ನ ಹಂತಹಂತವಾಗಿ ಕಾಯಂ ಮಾಡುವ ಯೋಜನೆಗೆ ಒಪ್ಪಿತು. ಉಳಿದವರಿಗಾಗಿ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ಬಂತು. 60 ವರ್ಷದವರೆಗೆ ಕೆಲಸದಲ್ಲಿ ಮುಂದುವರಿಯೋ ಭರವಸೆ ಕೊಟ್ಟಿತು. ಕೆಲಸಗಾರರಿಗೆ ಇದು ನ್ಯಾಯವೇ. ಆದರೆ ಈ ಭರವಸೆ ಆ ವ್ಯಕ್ತಿಗೆ, ಆ ಜಾಗಕ್ಕಲ್ಲ. ಅವರು ನಿವೃತ್ತರಾದ ಮೇಲೆ ಗುದ್ದಲಿ ಹಿಡಿಯೋಕೆ ಇನ್ನೊಬ್ಬರು ಬರಲಿಲ್ಲ. ಯಾರನ್ನೂ ತೆಗೆದುಹಾಕದೆ, ಸದ್ದಿಲ್ಲದೆ ಗ್ಯಾಂಗ್ ಕರಗಿತು. ಆ ಕೆಲಸ ಈಗ ಟೆಂಡರ್‌ಗೆ ಹೋಗುತ್ತೆ. ಗ್ಯಾಂಗ್ ಗುಂಡಿ ಬೀಳೋದಕ್ಕೆ ಮುಂಚೆ ಬರ್ತಿತ್ತು, ಟೆಂಡರ್ ಗುಂಡಿ ಬಿದ್ದ ಮೇಲೆ ಬರುತ್ತೆ.

ದುಡ್ಡು ಎಲ್ಲಿ ಕಡಿತ ಆಗುತ್ತೆ?

ರಸ್ತೆ ದುಡ್ಡಿಗೆ ಬಜೆಟ್‌ನಲ್ಲಿ ಎರಡು ಮುಖ್ಯ ಲೆಕ್ಕ ಶೀರ್ಷಿಕೆ ಇವೆ. 5054 ಅಂದ್ರೆ ಬಂಡವಾಳ ವೆಚ್ಚ: ಹೊಸ ರಸ್ತೆ, ಸೇತುವೆ. 3054 ಅಂದ್ರೆ ರಾಜಸ್ವ ವೆಚ್ಚ: ದುರಸ್ತಿ, ನಿರ್ವಹಣೆ. ದುಡ್ಡು ಬಿಗಿಯಾದಾಗ ಮೊದಲು ಕತ್ತರಿ ಬೀಳೋದು ನಿರ್ವಹಣೆಗೇ. ಯಾಕಂದ್ರೆ ಚರಂಡಿ ಹೂಳು ತೆಗೆದಿದ್ದಕ್ಕೆ ಗುದ್ದಲಿ ಪೂಜೆ ಇಲ್ಲ, ಕಲ್ಲು ನೆಡೋ ಹಾಗಿಲ್ಲ. ಆದರೆ ರಸ್ತೆಗೆ ದೊಡ್ಡ ಶತ್ರು ನೀರು. ಚರಂಡಿ ಕಟ್ಟಿಕೊಂಡ್ರೆ ನೀರು ಡಾಂಬರಿನ ಅಡಿಗೆ ಇಳಿದು ಜಲ್ಲಿ ಪದರ ಮೆತ್ತಗಾಗುತ್ತೆ, ಒಂದು ಲೋಡ್ ಗಾಡಿ ಹೋದರೆ ಸಾಕು, ಕುಸಿಯುತ್ತೆ. ಇವತ್ತು ಉಳಿಸಿದ ಸಣ್ಣ ದುಡ್ಡು ನಾಳೆ ಇಡೀ ರಸ್ತೆ ಮರುನಿರ್ಮಾಣದ ಖರ್ಚಾಗಿ ಬರುತ್ತೆ.

ಮೊದಲು ರಸ್ತೆ ಯಾರದು ನೋಡಿ

ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ಊರಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆಗಳನ್ನ ಸಾಮಾನ್ಯವಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆ ನೋಡಿಕೊಳ್ಳುತ್ತೆ. ಊರೊಳಗಿನ ಬೀದಿ ಗ್ರಾಮ ಪಂಚಾಯ್ತಿದು.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ ಆಗಿದ್ರೆ ಬದಿಯಲ್ಲಿ ಬೋರ್ಡ್ ಇರುತ್ತೆ. ಅದರಲ್ಲಿ ಕಾಮಗಾರಿ ಮುಗಿದ ದಿನಾಂಕ ಹುಡುಕಿ. ಮುಗಿದ ಮೇಲೆ 5 ವರ್ಷ ನಿರ್ವಹಣೆ ಗುತ್ತಿಗೆದಾರನದೇ ಜವಾಬ್ದಾರಿ. ಆ ಅವಧಿಯೊಳಗೆ ಗುಂಡಿ ಬಿದ್ದಿದ್ರೆ "ಅನುದಾನ ಇಲ್ಲ" ಅನ್ನೋ ಉತ್ತರ ಒಪ್ಪಬೇಡಿ. ಬೋರ್ಡ್ ಮತ್ತು ಗುಂಡಿ ಎರಡರ ಫೋಟೊ ತೆಗೆದು "ಮೇರಿ ಸಡಕ್" ಆ್ಯಪ್‌ನಲ್ಲಿ ದೂರು ಹಾಕಿ. 5 ವರ್ಷ ದಾಟಿದ್ರೆ ಹೊಣೆ ರಾಜ್ಯ ಸರ್ಕಾರದ್ದು. ಬೇರೆ ರಸ್ತೆಗಳಿಗೆ ರಾಜ್ಯದ ಸಹಾಯವಾಣಿ 1902ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹತ್ತು ರೂಪಾಯಿಯ ಅರ್ಜಿ

ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯ್ತು. ಹಂಗಾಗಿ ನಮ್ಮ ಪರವಾಗಿ ಲೆಕ್ಕ ಕೇಳೋರೂ ಕಮ್ಮಿಯಾದರು. ನಾವೇ ಕೇಳಬೇಕು. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಾನು ಹಾಕಿದ ಅರ್ಜಿಯಲ್ಲಿ ಮೂರೇ ಪ್ರಶ್ನೆ:

1. ಈ ರಸ್ತೆಯ ನಿರ್ವಹಣೆ ಯಾವ ಕಚೇರಿಗೆ ಸೇರಿದೆ?
2. ಕಳೆದ 3 ವರ್ಷದಲ್ಲಿ ಈ ರಸ್ತೆಯ ನಿರ್ವಹಣೆಗೆ ಬಿಡುಗಡೆಯಾದ ಮತ್ತು ಖರ್ಚಾದ ಹಣ ಎಷ್ಟು?
3. ಚರಂಡಿ ಮತ್ತು ಮೋರಿ ಕೊನೆಯ ಸಲ ಸ್ವಚ್ಛ ಮಾಡಿದ ದಿನಾಂಕ ಯಾವುದು?

ನಮಗೆ ಬಂದ ಉತ್ತರದಲ್ಲಿ ಎರಡನೇ ಪ್ರಶ್ನೆಗೆ ಮೂರು ವರ್ಷವೂ ಸೊನ್ನೆ ಇತ್ತು. ಅದನ್ನ ಗ್ರಾಮ ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ, ಪ್ರತಿ ಸಮೇತ ಕಚೇರಿಗೆ ಕೊಟ್ವಿ. ಈ ಸಲ ಮೇ ತಿಂಗಳಲ್ಲಿ ಮೋರಿಗೆ ಜೆಸಿಬಿ ಬಂತು. ರಸ್ತೆ ಪೂರ್ತಿ ಸರಿಯಾಗಿಲ್ಲ, ಆದ್ರೆ ಗಾಡಿ ಹೂತುಕೊಳ್ತಿಲ್ಲ.

ಕೇಳೋ ಹೊತ್ತೂ ಮುಖ್ಯ. ಗ್ರಾಮ ಪಂಚಾಯ್ತಿಗಳ ಮುಂದಿನ ವರ್ಷದ ಯೋಜನೆಗೆ ಅಕ್ಟೋಬರ್ 2ರಿಂದ ಸಭೆಗಳು ಶುರುವಾಗ್ತವೆ. ಜೂನ್‌ನಲ್ಲಿ ಕೆಸರಲ್ಲಿ ನಿಂತು ಕೂಗೋ ಬದಲು ಆಗಲೇ ಬೇಡಿಕೆ ಬರೆಸಿ.

ನಮ್ಮ ತಪ್ಪೂ ಇದೆ

ಹೊಲಕ್ಕೆ ಗಾಡಿ ಇಳಿಸೋಕೆ ಚರಂಡಿಗೆ ಮಣ್ಣು ತುಂಬಿದ್ದು ನಾವೇ. ಅಲ್ಲಿ ಸಿಮೆಂಟ್ ಪೈಪ್ ಹಾಕಿ, ಆಮೇಲೆ ಮಣ್ಣು ಮುಚ್ಚಿ. ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರ್ ಡಾಂಬರ್ ಮೇಲೆ ಓಡಿಸಬೇಡಿ. ಗದ್ದೆಯ ಹೆಚ್ಚುವರಿ ನೀರು ರಸ್ತೆಗೆ ಬಿಡಬೇಡಿ. ನಮ್ಮ ಹೊಲದ ಮುಂದೆ ಚರಂಡಿ ಹರೀತಿದ್ರೆ, ಕಚೇರಿಯಲ್ಲಿ ಕೇಳುವಾಗ ನಮ್ಮ ಮಾತಿಗೂ ತೂಕ ಇರುತ್ತೆ.